ಊಟ ಬಿಟ್ಟವರ ಸ್ವಭಾವವೋ, ಹಸಿವು ತಂದ ಸ್ವಭಾವವೋ?

ಓದಿನಲ್ಲಿ ಮುಂದು, ಕೆಲಸದಲ್ಲಿ ಅಚ್ಚುಕಟ್ಟು, ಎದುರು ಮಾತಾಡದ ಹುಡುಗಿ. ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಕಾಯಿಲೆಯ ಬಗ್ಗೆ ಓದಿದಾಗೆಲ್ಲ ಸಿಗುವುದು ಇದೇ ಚಿತ್ರ. ಮಿತಿಮೀರಿ ತಿಂದು, ಆಮೇಲೆ ವಾಂತಿಯಂಥ ದಾರಿಯಲ್ಲಿ ಅದನ್ನು ಹೊರಹಾಕುವ ಬುಲಿಮಿಯಾ ಅಂದರೆ ಮನಸ್ಸು ಹಿಡಿತದಲ್ಲಿಲ್ಲದವರ ಕಾಯಿಲೆ ಎಂಬ ಮಾತು ಇನ್ನೊಂದು ಕಡೆ. ಈಚೆಗೆ ಜೀನ್‌ಗಳ ಸುದ್ದಿಯೂ ಸೇರಿಕೊಂಡಿದೆ. ಸ್ವಭಾವದಿಂದ ಕಾಯಿಲೆ ಬರುತ್ತದೋ, ಕಾಯಿಲೆಯಿಂದ ಸ್ವಭಾವ ಬದಲಾಗುತ್ತದೋ, ಅಥವಾ ಎರಡಕ್ಕೂ ಬೇರು ಒಂದೇನೋ? ಮೂರೂ ವಾದಗಳು ಒಟ್ಟಿಗೇ ಓಡಾಡುತ್ತಿರುವುದರಿಂದ ಯಾರು ಯಾವುದನ್ನು ಹೇಳುತ್ತಿದ್ದಾರೆ ಅನ್ನೋದೇ ಗೊತ್ತಾಗುವುದಿಲ್ಲ.

ಹೆಸರು ಬಂದದ್ದು 1873ರ ಸುಮಾರಿಗೆ. ಲಂಡನ್ನಿನ ವೈದ್ಯ ವಿಲಿಯಂ ಗಲ್ ಇದನ್ನು ಅನೊರೆಕ್ಸಿಯಾ ನರ್ವೋಸಾ ಎಂದ. 1873ರಲ್ಲೇ ಪ್ಯಾರಿಸ್ಸಿನ ವೈದ್ಯ ಲಸೇಗ್ ಇದನ್ನು ಹಿಸ್ಟೀರಿಯಾಕ್ಕೆ, ಅಂದರೆ ಮನಸ್ಸಿನ ತೊಳಲಾಟ ದೇಹದ ಕಾಯಿಲೆಯಾಗಿ ಕಾಣುತ್ತದೆ ಎಂದು ಆಗ ನಂಬಿದ್ದ ರೋಗಕ್ಕೆ, ಸೇರಿಸಿದ. ಮನೆಯವರು ಹತ್ತಿರ ಇರದಿದ್ದರೇ ಒಳ್ಳೆಯದು ಅನ್ನೋದು ಗಲ್‌ನ ಅಭಿಪ್ರಾಯ. 1914ರಲ್ಲಿ ಜರ್ಮನಿಯ ವೈದ್ಯ ಸಿಮಂಡ್ಸ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕೆಟ್ಟು ಸೊರಗಿ ಹೋದವರ ಬಗ್ಗೆ ಬರೆದ ಮೇಲೆ, ಕೆಲವು ದಶಕ ಎಲ್ಲರೂ ಗ್ರಂಥಿಯ ಹಿಂದೆ ಬಿದ್ದರು. ಮತ್ತೆ ಮನಸ್ಸಿನ ಕಡೆ ತಿರುಗಿದ್ದು 1970ರ ದಶಕದಲ್ಲಿ. ಎಲ್ಲರನ್ನೂ ಮೆಚ್ಚಿಸುತ್ತಾ ಬೆಳೆದು, ತನಗೇನು ಬೇಕು ಅಂತಲೇ ಗೊತ್ತಿಲ್ಲದ ಮಗುವಿನ ಚಿತ್ರವನ್ನು ಮನೋವೈದ್ಯೆ ಹಿಲ್ಡೆ ಬ್ರುಕ್ ಕೊಟ್ಟರು. ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನುಚಿನ್ ಇಡೀ ಕುಟುಂಬದ ನಡವಳಿಕೆಯನ್ನೇ ಮುಂದಿಟ್ಟರು. ಇಬ್ಬರೂ ರೋಗಿಗಳನ್ನು ಹತ್ತಿರದಿಂದ ಕಂಡವರು. ಆದರೆ ಅವರು ಕಂಡದ್ದು ಆಗಲೇ ಹಸಿದು ಬಳಲಿದ್ದ ಮಕ್ಕಳನ್ನು, ಹೆದರಿ ಕಂಗಾಲಾಗಿದ್ದ ಅಪ್ಪ ಅಮ್ಮಂದಿರನ್ನು. ಇದನ್ನು ಲೆಕ್ಕಕ್ಕೆ ತಗೊಂಡದ್ದು ಕಡಿಮೆಯೇ.

ಇದಕ್ಕೆ ಬೇಕಾದ ಸುಳಿವು ಅಷ್ಟು ಹೊತ್ತಿಗೆ ಪುಸ್ತಕವಾಗಿ ಅಚ್ಚಾಗಿತ್ತು. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಿಂದ ಹಸಿದಿದ್ದ ಯುರೋಪಿನ ಜನರಿಗೆ ಮತ್ತೆ ಊಟ ರೂಢಿಸುವುದು ಹೇಗೆ ಅಂತ ತಿಳಿಯಬೇಕಿತ್ತು. ಯುದ್ಧಕ್ಕೆ ಹೋಗುವುದಿಲ್ಲ ಎಂದಿದ್ದ 36 ಯುವಕರು ತಾವಾಗಿ ಬಂದರು. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಲಾಗಿತ್ತು. ಮೊದಲು ಸಾಮಾನ್ಯ ಊಟ. ಆಮೇಲೆ 24 ವಾರ ದಿನಕ್ಕೆ ಸುಮಾರು 1,600 ಕ್ಯಾಲೊರಿ. ಆಲೂಗಡ್ಡೆ, ಟರ್ನಿಪ್, ಬ್ರೆಡ್ಡು, ಮ್ಯಾಕರೋನಿ, ಇಷ್ಟೇ. ತೂಕ ಕಾಲು ಭಾಗದಷ್ಟು ಇಳಿಯಿತು.

ತೂಕ ಇಳಿದದ್ದು ನಿರೀಕ್ಷೆಯಂತೆಯೇ. ಮನಸ್ಸಿಗೆ ಆದದ್ದು ಬೇರೆ. ಅಡುಗೆ ಪುಸ್ತಕದ ಗೊಡವೆಯೇ ಇಲ್ಲದಿದ್ದ ಗಂಡಸರು ಅವನ್ನು ಕೂಡಿಹಾಕತೊಡಗಿದರು. ಇದ್ದ ಸ್ವಲ್ಪ ಊಟಕ್ಕೆ ನೀರು ಬೆರೆಸಿ, ಕಲಸಿ, ಗಂಟೆಗಟ್ಟಲೆ ಎಳೆದರು. ತಟ್ಟೆ ನೆಕ್ಕಿದರು. ಕಾಫಿ, ಚ್ಯೂಯಿಂಗ್ ಗಮ್ ಮಿತಿಮೀರಿತು. ಗೆಳೆಯರಿಂದ ದೂರವಾದರು, ಸಣ್ಣದಕ್ಕೂ ರೇಗಿದರು. ಕೆಲವರು ಕದ್ದು ಹೊಟ್ಟೆ ಬಿರಿಯುವಷ್ಟು ತಿಂದು, ಆಮೇಲೆ ತಮ್ಮನ್ನೇ ಬೈದುಕೊಂಡರು. ಅದೇ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ತಯಾರಾಗಿದ್ದ ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆಯನ್ನು ಇವರಿಗೆ ಕೊಟ್ಟಾಗ, ಖಿನ್ನತೆಯ ಅಂಕ ಮೇಲೇರಿತು, ಹಿಸ್ಟೀರಿಯಾದ ಅಂಕವೂ ಏರಿತು. ಲಸೇಗ್ ಹೇಳಿದ್ದ ಅದೇ ಹಿಸ್ಟೀರಿಯಾ, ಅಲ್ವಾ? ಇವರು ತಿಂಗಳುಗಳ ಹಿಂದೆ ಆರೋಗ್ಯವಂತರೆಂದು ಪಾಸಾದವರು.

1950ರಲ್ಲಿ ಇದೆಲ್ಲ ಎರಡು ದಪ್ಪ ಸಂಪುಟಗಳಲ್ಲಿ ಬಂತು. ಚಿಕಿತ್ಸಕರು ಇದನ್ನು ರೋಗಿಗಳ ಮುಂದಿಟ್ಟು ವಿವರಿಸುವ ರೂಢಿ ಬೆಳೆದದ್ದು ಮಾತ್ರ 1980ರ ದಶಕದ ಹೊತ್ತಿಗೆ. ನಡುವಿನ ಆ 30 ವರ್ಷದಲ್ಲಿ ಎಷ್ಟು ಹುಡುಗಿಯರಿಗೆ ಹಠಮಾರಿ ಅನ್ನೋ ಹಣೆಪಟ್ಟಿ ಬಿತ್ತೋ.

ಹಾಗಂತ ಎಲ್ಲವನ್ನೂ ಹಸಿವಿನ ತಲೆಗೆ ಕಟ್ಟಲೂ ಆಗುವುದಿಲ್ಲ. ಆ 36 ಜನರಿಗೆ ಅನೊರೆಕ್ಸಿಯಾ ಬರಲಿಲ್ಲ, ಊಟ ಸಿಕ್ಕಾಗ ತಿಂದರು. 1990ರ ದಶಕದಲ್ಲಿ ಸಂಶೋಧಕರು ವರ್ಷಕ್ಕೂ ಹಿಂದೆಯೇ ಗುಣವಾಗಿದ್ದ ಹೆಂಗಸರನ್ನು ಪರೀಕ್ಷಿಸಿದರು. ತೂಕ ಸರಿಯಾಗಿತ್ತು, ಆದರೆ ಎಲ್ಲವೂ ತಪ್ಪಿಲ್ಲದೆ ಇರಬೇಕು, ಸಾಲಾಗಿ ಇರಬೇಕು ಅನ್ನೋ ಹಂಬಲ ಹೋಗಿರಲಿಲ್ಲ. 2003ರ ಒಂದು ಅಧ್ಯಯನ ಬಾಲ್ಯಕ್ಕೇ ಹೋಯಿತು. ಪರ್ಫೆಕ್ಷನಿಸಂ, ನಿಯಮಕ್ಕೆ ಅಂಟಿಕೊಳ್ಳುವಿಕೆಯಂಥ ಗುಣ ಒಂದೊಂದೇ ಹೆಚ್ಚಿದ ಹಾಗೆ, ಅನೊರೆಕ್ಸಿಯಾ, ಬುಲಿಮಿಯಾದಂಥ ಈಟಿಂಗ್ ಡಿಸಾರ್ಡರ್ ಸಂಭವ ಸುಮಾರು 7 ಪಟ್ಟು ಏರುತ್ತದೆ ಎಂದಿತು. ಇದು ದೊಡ್ಡವರಾದ ಮೇಲೆ ನೆನಪು ಮಾಡಿಕೊಂಡು ಹೇಳಿದ್ದು ಅನ್ನೋದನ್ನು ಮರೆಯಬಾರದು.

ಬುಲಿಮಿಯಾವನ್ನು ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಷ್ಟೇ ವಿವರಿಸಿದ್ದರು. ಆತಂಕ, ಅಪಾಯಕ್ಕೆ ಅಂಜುವ ಗುಣ ಎರಡೂ ಕಾಯಿಲೆಗಳಲ್ಲಿ ಕಂಡವು, ಹಿಂದೆಮುಂದೆ ನೋಡದೆ ನುಗ್ಗುವ ಗುಣ ಬುಲಿಮಿಯಾದಲ್ಲಿ ಜಾಸ್ತಿ. ಆದರೆ 2001ರಲ್ಲಿ ಮನೋವಿಜ್ಞಾನಿ ಡ್ರೂ ವೆಸ್ಟನ್ ಮತ್ತು ಜೆನಿಫರ್ ಹಾರ್ನ್ಡೆನ್-ಫಿಶರ್ ತೋರಿಸಿದಂತೆ, ಒಂದೇ ಕಾಯಿಲೆಯ ಹೆಸರಿನೊಳಗೆ ಮೂರು ಬಗೆಯ ಸ್ವಭಾವದವರು ಸಿಕ್ಕರು. 2019ರಲ್ಲಿ ಸುಮಾರು 17,000 ಅನೊರೆಕ್ಸಿಯಾ ರೋಗಿಗಳ ಡಿಎನ್‌ಎ ನೋಡಿದಾಗ ಒಂದೇ ಯೋಚನೆ, ಒಂದೇ ಕೆಲಸ ಬಿಡದೆ ಕಾಡುವ ಓಸಿಡಿ ಜೊತೆ ನಂಟು ಕಂಡಿತು, ದೇಹ ಊಟವನ್ನು ಶಕ್ತಿಯಾಗಿ ಬಳಸುವ ಚಯಾಪಚಯದ ಜೊತೆಗೂ ಕಂಡಿತು. ಸ್ವಭಾವವೋ ದೇಹವೋ ಎಂಬ ಹಳೇ ಜಗಳ ಅಲ್ಲಿಗೆ ಅರ್ಥ ಕಳೆದುಕೊಂಡಿತು.

ಈಗ ಮೊದಲು ಊಟ, ತೂಕ. ವ್ಯಕ್ತಿತ್ವದ ಬಗ್ಗೆ ತೀರ್ಪು ಆಮೇಲೆ. ಗಲ್ ದೂರ ಇಡಿ ಎಂದಿದ್ದ ಮನೆಯವರಿಗೇ, ಲಂಡನ್ನಿನ ಮಾಡ್ಸ್ಲೀ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಊಟ ಮಾಡಿಸುವ ಜವಾಬ್ದಾರಿ ಕೊಡುತ್ತದೆ.

ನಮ್ಮಲ್ಲಿ ಕಥೆ ಇನ್ನೂ ಅರ್ಧದಲ್ಲಿದೆ. ಬೆಂಗಳೂರಿನ ಮನೋವೈದ್ಯರನ್ನು ಕೇಳಿದ, 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಭಾಗ ವೈದ್ಯರು ಈಟಿಂಗ್ ಡಿಸಾರ್ಡರ್ ಇರುವ ಒಬ್ಬರನ್ನಾದರೂ ಕಂಡಿದ್ದರು. ಆದರೆ ಕಾಯಿಲೆ ಗುರುತಿಸಲು ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಗಳು ಕೆನಡಾದ ಟೊರಾಂಟೊದಲ್ಲಿ ತಯಾರಾದವು, ದಪ್ಪಗಾಗುವ ಭಯ ಇದೆಯೇ ಅಂತ ಕೇಳುತ್ತವೆ. 1990ರ ದಶಕದಲ್ಲೇ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ, ಆ ಭಯವೇ ಇಲ್ಲದೆ, ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದು ಹೇಳಿ ಸೊರಗಿದವರ ಬಗ್ಗೆ ಬರೆದಿದ್ದರು. ಹೊಟ್ಟೆ ಸರಿಯಿಲ್ಲ ಎಂದು ಊಟ ಬಿಟ್ಟ ಹುಡುಗಿಯನ್ನು ನಮ್ಮೂರಲ್ಲಿ ಮೊದಲು ಕರೆದುಕೊಂಡು ಹೋಗುವುದು ಗ್ಯಾಸ್ಟ್ರಿಕ್ ಡಾಕ್ಟರ ಹತ್ತಿರ. ಅಲ್ಲಿ ಎಂಡೋಸ್ಕೋಪಿ ಮಾಡುತ್ತಾರೆ, ಆಕೆ ಎಂಥ ಸ್ವಭಾವದವಳು ಅಂತ ಯಾರೂ ಕೇಳುವುದಿಲ್ಲ.