ಪದ ಪರಿಚಯ: ಸೆಡ್

ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಕ್ಕಬಳ್ಳಾಪುರ ತಾಲ್ಲೂಕುಗಳು ಹೊಸ ಜಿಲ್ಲೆಗೆ ಬಂದವು. ಆದರೆ ಅದಕ್ಕೂ ಮೊದಲು ಬರೆದಿಟ್ಟ ಬರಹಗಳಲ್ಲಿ ಹಳೆಯ ಜಿಲ್ಲೆಯ ಹೆಸರೇ ಉಳಿಯಿತು. ಶಿಡ್ಲಘಟ್ಟದಲ್ಲಿ ನಾವು ನಾಲ್ಕೈದು ಮಂದಿ ಸೇರಿ ಸುತ್ತಲಿನ ಊರುಗಳ ಕೆರೆ, ಗುಡಿ, ವೀರಗಲ್ಲುಗಳ ಬಗ್ಗೆ ಕೂಡಿಟ್ಟ ಟಿಪ್ಪಣಿಗಳ ಕಥೆಯೂ ಇದೇ. ಕಂಪ್ಯೂಟರಿನಲ್ಲಿ ಊರಿಗೊಂದರಂತೆ ಸುಮಾರು 300 ಕಡತಗಳು. ಹೆಚ್ಚಿನವುಗಳ ತಲೆಯ ಮೇಲೆ ‘ಶಿಡ್ಲಘಟ್ಟ ತಾಲ್ಲೂಕು, ಕೋಲಾರ ಜಿಲ್ಲೆ’. ಒಂದೊಂದನ್ನೇ ತೆರೆದು ತಿದ್ದಲು ಕುಳಿತರೆ ವಾರವಾದರೂ ಬೇಕು. ಅಷ್ಟನ್ನೂ ಒಂದೇ ಸಾಲಿನಲ್ಲಿ ಮಾಡಿಸುವ ಆಜ್ಞೆಯ ಹೆಸರು ಸೆಡ್.

‘ಸ್ಟ್ರೀಮ್ ಎಡಿಟರ್’ ಎಂಬ ಎರಡು ಪದಗಳನ್ನು ಮೊಟಕು ಮಾಡಿದರೆ ಬರುವ ಹೆಸರು ಇದು. ಸ್ಟ್ರೀಮ್ ಎಂದರೆ ಹರಿವು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ: ಕೆರೆಯ ತೂಬಿನ ಬಳಿ ಕುಳಿತ ನೀರುಗಂಟಿಯನ್ನು ನೆನೆಸಿಕೊಳ್ಳಿ. ಇಡೀ ಕೆರೆಯನ್ನು ಅವನು ಹೊತ್ತುಕೊಂಡಿರುವುದಿಲ್ಲ. ತೂಬಿನಿಂದ ಹೊರಬರುವ ನೀರಷ್ಟೇ ಅವನ ಕೈಯಲ್ಲಿರುತ್ತದೆ. ಸೆಡ್ ಕೂಡ ಕಡತವನ್ನು ಸಾಲು ಸಾಲಾಗಿ ಹರಿಯಬಿಡುತ್ತದೆ, ಬಂದ ಸಾಲನ್ನು ನೋಡುತ್ತದೆ, ಹೇಳಿದ ಪದ ಅದರಲ್ಲಿದ್ದರೆ ಬದಲಿಸಿ ಮುಂದೆ ಬಿಡುತ್ತದೆ. ಕಡತ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ದಣಿವಿಲ್ಲ. ಇದೇ ಗುಣದಿಂದ ಒಂದು ಮಿತಿಯೂ ಹುಟ್ಟಿದೆ. ‘ಕೋಲಾರ’ ಒಂದು ಸಾಲಿನ ಕೊನೆಯಲ್ಲಿದ್ದು ‘ಜಿಲ್ಲೆ’ ಮುಂದಿನ ಸಾಲಿನ ಮೊದಲಲ್ಲಿದ್ದರೆ, ‘ಕೋಲಾರ ಜಿಲ್ಲೆ’ ಎಂದು ಹುಡುಕುವ ಸೆಡ್‌ಗೆ ಎರಡೂ ಒಟ್ಟಿಗೆ ಕಾಣುವುದೇ ಇಲ್ಲ.

ಆಜ್ಞೆಯ ತಿರುಳು ಹೀಗಿರುತ್ತದೆ: ಎಸ್/ಹಳೆಯ ಪದ/ಹೊಸ ಪದ/ಜಿ. ಎಸ್ ಮತ್ತು ಜಿ ಎರಡನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ಎಸ್ ಎಂದರೆ ‘ಬದಲಿಸು’. ಕೊನೆಯ ಜಿ ಎಂದರೆ ‘ಸಾಲಿನಲ್ಲಿ ಎಷ್ಟು ಕಡೆ ಇದೆಯೋ ಅಷ್ಟೂ ಕಡೆ’; ಅದನ್ನು ಮರೆತರೆ ಪ್ರತಿ ಸಾಲಿನ ಮೊದಲನೆಯದು ಮಾತ್ರ ಬದಲಾಗುತ್ತದೆ. ಹೀಗೆ ಓಡಿಸಿದಾಗ ತಿದ್ದಿದ ಪಠ್ಯ ಪರದೆಯ ಮೇಲೆ ಹರಿದುಹೋಗುತ್ತದೆಯೇ ಹೊರತು ಮೂಲ ಕಡತಕ್ಕೆ ಏನೂ ಆಗುವುದಿಲ್ಲ. ಕಡತದಲ್ಲೇ ಬದಲಾಗಬೇಕೆಂದರೆ ಸೆಡ್ ಎಂಬುದರ ಬಳಿಕ ಅಡ್ಡಗೆರೆ ಹಾಕಿ ಐ ಸೇರಿಸಬೇಕು. ಆ ಒಂದು ಅಕ್ಷರವನ್ನು ಒತ್ತುವ ಮುನ್ನ ಕೈ ತಡೆಯಬೇಕು, ಏಕೆಂದರೆ ಆಜ್ಞೆಗಳನ್ನು ಟೈಪ್ ಮಾಡುವ ಶೆಲ್‌ ಎಂಬ ಕಿಟಕಿಯಲ್ಲಿ ‘ಹಿಂದಕ್ಕೆ ಪಡೆ’ ಎಂಬ ಗುಂಡಿ ಇಲ್ಲ.

ಸೆಡ್‌ನ ಜೊತೆಗಾರ ಗ್ರೆಪ್. ಇದರ ಕೆಲಸ ಹುಡುಕುವುದಷ್ಟೇ, ಬದಲಿಸುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬೆಳೆಯುತ್ತಿದ್ದ ಕಾಲದಲ್ಲಿ ಕೆನ್ ಥಾಂಪ್ಸನ್ ಬರೆದ ಸಾಧನ ಇದು. 1973ರ ಹೊತ್ತಿಗೆ ಬಳಕೆಗೆ ಬಂದಿತು. ಅದೇ ಪ್ರಯೋಗಾಲಯದ ಲೀ ಮೆಕ್‌ಮಹಾನ್ ಅವರಿಗೆ ಹಳೆಯ ರಾಜಕೀಯ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪದಬಳಕೆಯಿಂದ ಪತ್ತೆಹಚ್ಚುವ ಆಸೆಯಿತ್ತು. ಆಗಿನ ‘ಎಡ್’ ಎಂಬ ಪಠ್ಯ ತಿದ್ದುವ ತಂತ್ರಾಂಶಕ್ಕೆ ಅಷ್ಟು ದೊಡ್ಡ ಪಠ್ಯವನ್ನು ಹೊರುವ ಶಕ್ತಿ ಇರಲಿಲ್ಲ. ಗ್ರೆಪ್ ಹುಟ್ಟಿದ್ದು ಆ ಅಗತ್ಯದಿಂದ. ಮುಂದೆ 1973-74ರಲ್ಲಿ ಮೆಕ್‌ಮಹಾನ್ ಅವರೇ ಸೆಡ್ ಬರೆದರು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಅದು ಹೊರಗಿನವರ ಕೈಗೂ ಸಿಕ್ಕಿತು. ಈ ಸಾಧನಗಳ ಬೇರು ಹಳೆಯ ಬರಹವನ್ನು ಓದುವವರ ಕುತೂಹಲದಲ್ಲಿದೆ ಎಂದು ತಿಳಿದ ದಿನ ನನಗೆ ನಿಜವಾಗಿಯೂ ಸಂತೋಷವಾಯಿತು.

ಅನೇಕ ಕಡತಗಳ ಮೇಲೆ ಕೆಲಸ ಮಾಡುವಾಗ ಇವೆರಡನ್ನೂ ಒಂದಕ್ಕೊಂದು ಜೋಡಿಸುತ್ತೇವೆ. ಗ್ರೆಪ್‌ಗೆ ಆರ್ ಮತ್ತು ಎಲ್ ಸೇರಿಸಿದರೆ ಒಳಗಿನ ಎಲ್ಲ ಫೋಲ್ಡರ್‌ಗಳನ್ನೂ ಜಾಲಾಡಿ, ಪದ ಇರುವ ಕಡತಗಳ ಹೆಸರನ್ನಷ್ಟೇ ಕೊಡುತ್ತದೆ. ಆ ಹೆಸರುಗಳನ್ನು ನಿಲುಗೆರೆಯ (|) ಮೂಲಕ ಎಕ್ಸ್‌ಆರ್ಗ್ಸ್ ಎಂಬ ಆಜ್ಞೆಗೆ ದಾಟಿಸಿದರೆ ಅದು ಸೆಡ್‌ಗೆ ಒಪ್ಪಿಸುತ್ತದೆ. ಕಡತದ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಎಚ್ಚರ. ‘ಮೇಲೂರು ಹಳೆಯದು’ ಎಂಬ ಕಡತವನ್ನು ಎಕ್ಸ್‌ಆರ್ಗ್ಸ್ ‘ಮೇಲೂರು’, ‘ಹಳೆಯದು’ ಎಂಬ ಎರಡು ಕಡತಗಳೆಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಗ್ರೆಪ್‌ಗೆ ದೊಡ್ಡಕ್ಷರದ ಝಡ್, ಎಕ್ಸ್‌ಆರ್ಗ್ಸ್‌ಗೆ ಸೊನ್ನೆ ಸೇರಿಸಿದರೆ ಈ ತೊಡಕು ತಪ್ಪುತ್ತದೆ.

ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ. ಕನ್ನಡದ ಕಡತಗಳ ಮೇಲೆ ಸೆಡ್ ಓಡಿಸುವವರಿಗೆ ಬೇಕಾದದ್ದು ಇನ್ನೂ ಇದೆ, ಅದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ಸಲ ‘ಕೋಲಾರ’ ಇದ್ದಲ್ಲೆಲ್ಲ ‘ಚಿಕ್ಕಬಳ್ಳಾಪುರ’ ಎಂದು ಬದಲಿಸಿ, ಮುದ್ರಿಸಿ, ನಮ್ಮ ಗುಂಪಿನ ಹಿರಿಯರಾದ ನಿವೃತ್ತ ಮೇಷ್ಟ್ರ ಕೈಗೆ ಕೊಟ್ಟೆ. ಎರಡನೆಯ ಪುಟದಲ್ಲೇ ಅವರು ಕನ್ನಡಕ ತೆಗೆದಿಟ್ಟರು.

‘ಕೋಲಾರಮ್ಮ ಎಲ್ಲಿ ಹೋದಳಪ್ಪಾ?’

ಕೋಲಾರಮ್ಮನ ಗುಡಿ ‘ಚಿಕ್ಕಬಳ್ಳಾಪುರಮ್ಮನ ಗುಡಿ’ಯಾಗಿತ್ತು. ಗಣಿ ಕೆಲಸಕ್ಕೆಂದು ಹೋದ ಕುಟುಂಬಗಳ ಬಗ್ಗೆ ಬರೆದಿದ್ದ ಕಡೆ ‘ಚಿಕ್ಕಬಳ್ಳಾಪುರ ಚಿನ್ನದ ಗಣಿ’ ಇತ್ತು. ‘ತಪ್ಪಾಯಿತು ಮೇಷ್ಟ್ರೇ, ಸರಿಮಾಡುತ್ತೇನೆ’ ಎಂದೆ. ಆದರೆ ನಾನು ಮೂಲದ ಪ್ರತಿ ಇಟ್ಟುಕೊಂಡಿರಲಿಲ್ಲ. ಮೊದಲಿನಿಂದಲೂ ಚಿಕ್ಕಬಳ್ಳಾಪುರ ಎಂದೇ ಇದ್ದ ಕಡೆ ಯಾವುದು, ನಾನು ಬದಲಿಸಿದ ಕಡೆ ಯಾವುದು ಎಂದು ಬಿಡಿಸಲು ಹಸ್ತಪ್ರತಿಗಳನ್ನು ಮತ್ತೆ ಹರಡಿಕೊಂಡು ಕೂರಬೇಕಾಯಿತು. ಐ ಪಕ್ಕದಲ್ಲೇ, ಜಾಗ ಬಿಡದೆ, ಚುಕ್ಕಿ ಮತ್ತು ಬಿಎಕೆ ಎಂದು ಸೇರಿಸಿದ್ದರೆ ಪ್ರತಿ ಕಡತದ ಹಳೆಯ ಪ್ರತಿ ಪಕ್ಕದಲ್ಲೇ ಉಳಿಯುತ್ತಿತ್ತು. ಆಪಲ್ ಕಂಪ್ಯೂಟರುಗಳಲ್ಲಿ ಐ ಬಳಿಕ ಈ ಬಾಲವನ್ನು ಕೇಳುವುದೇ ನಿಯಮ; ಬಿಟ್ಟರೆ ಮುಂದಿನ ಪದವನ್ನೇ ಬಾಲವೆಂದು ನುಂಗುತ್ತದೆ.

ಸೆಡ್‌ಗೆ ಪದ ಎಂದರೆ ಅರ್ಥವಲ್ಲ, ಚಿಹ್ನೆಗಳ ಸಾಲು. ನಾವು ‘ರು’ ಎಂದು ಒಂದೇ ಅಕ್ಷರವಾಗಿ ಓದುವುದು ಕಂಪ್ಯೂಟರಿಗೆ ಎರಡು: ಒಂದು ರ, ಒಂದು ಕೊಂಬು. ಹಾಗಾಗಿ ‘ತುಮಕೂರು’ ಎಂದು ಹುಡುಕಿದರೆ ‘ತುಮಕೂರಿನಲ್ಲಿ’ ಸಿಗುವುದಿಲ್ಲ, ಏಕೆಂದರೆ ವಿಭಕ್ತಿ ಸೇರುವಾಗ ಕೊಂಬು ಲೋಪವಾಗಿ ಗುಡಿಸು ಬಂದಿರುತ್ತದೆ. ಕೊಂಬನ್ನು ಬಿಟ್ಟು ‘ತುಮಕೂರ’ ಎಂದು ಹುಡುಕಿದರೆ ತುಮಕೂರು, ತುಮಕೂರಿನ, ತುಮಕೂರಿಗೆ ಎಲ್ಲವೂ ಬಲೆಗೆ ಬೀಳುತ್ತವೆ. ಶಾಲೆಯಲ್ಲಿ ಕಲಿತ ಲೋಪಸಂಧಿ ಶೆಲ್‌ನ ಮುಂದೆ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬದಲಿಸುವಾಗ ಈ ಕಷ್ಟ ಇಲ್ಲ. ಎರಡೂ ಅಕಾರಾಂತ, ‘ಕೋಲಾರದಲ್ಲಿ’ ಸಲೀಸಾಗಿ ‘ಚಿಕ್ಕಬಳ್ಳಾಪುರದಲ್ಲಿ’ ಆಗುತ್ತದೆ. ಅಕಾರಾಂತ ಪದದ ಜಾಗಕ್ಕೆ ಉಕಾರಾಂತ ಪದ ತಂದು ಕೂರಿಸಿದರೆ ಮಾತ್ರ ‘ತುಮಕೂರುದಲ್ಲಿ’ಯಂಥ ರೂಪಗಳು ಹುಟ್ಟುತ್ತವೆ.

ಚುಕ್ಕಿಯದು ಇನ್ನೊಂದು ಬಗೆಯ ಅಪಾಯ. ಹುಡುಕುವ ಪದದೊಳಗೆ ಚುಕ್ಕಿ ಇದ್ದರೆ ಸೆಡ್ ಅದನ್ನು ಚುಕ್ಕಿ ಎಂದು ಓದುವುದಿಲ್ಲ, ‘ಯಾವುದಾದರೂ ಒಂದು ಚಿಹ್ನೆ’ ಎಂದು ಓದುತ್ತದೆ. ನಮ್ಮ ಟಿಪ್ಪಣಿಗಳಲ್ಲಿ ‘ತಾ.’ ಎಂದು ಮೊಟಕಾಗಿ ಬರೆದದ್ದನ್ನು ‘ತಾಲ್ಲೂಕು’ ಎಂದು ಬಿಡಿಸಲು ಹೊರಟರೆ, ‘ತಾಯಿ’ಯಲ್ಲಿರುವ ಯಕಾರವೂ ಆ ಚುಕ್ಕಿಯ ಬಾಯಿಗೆ ಬಿದ್ದು, ಉಳಿದ ಗುಡಿಸು ‘ತಾಲ್ಲೂಕು’ವಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಚುಕ್ಕಿಗೆ ಮುಂಚೆ ಹಿಮ್ಮುಖ ಓರೆಗೆರೆ ಹಾಕಿದರೆ ಅದು ಬರಿಯ ಚುಕ್ಕಿಯಾಗುತ್ತದೆ.

ಎಲ್ಲಕ್ಕಿಂತ ಕಂಗೆಡಿಸುವುದು, ಕಣ್ಣೆದುರು ಇರುವ ಪದವೇ ಸಿಗದಿರುವುದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಕಕಾರ ಮತ್ತು ಓಕಾರದ ಒಂದೇ ಚಿಹ್ನೆಯಾಗಿ ಬರೆಯಬಹುದು. ಕಕಾರ, ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಗ್ರೆಪ್‌ಗೆ ಇವು ಬೇರೆ ಬೇರೆ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಒತ್ತಕ್ಷರ ಮೂಡದಂತೆ ತಡೆಯುವ ಕಾಣದ ಚಿಹ್ನೆಯೂ ಇಂಥದ್ದೇ: ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಬೇರೆ ಬೇರೆ ಕೈಗಳು ಟೈಪ್ ಮಾಡಿದ ಕಡತಗಳಿದ್ದರೆ ಮೊದಲು ಎಲ್ಲವನ್ನೂ ಯೂನಿಕೋಡ್‌ನ ಒಂದೇ ರೂಪಕ್ಕೆ ತರಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದಕ್ಕೆ ಸಿದ್ಧ ಸೌಲಭ್ಯವಿದೆ; ಕಾಣದ ಚಿಹ್ನೆಯನ್ನು ಮಾತ್ರ ಅದು ತೆಗೆಯುವುದಿಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಂತೂ ಒಳಗಿರುವುದು ಕನ್ನಡದ ಸಂಕೇತಗಳೇ ಅಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕಿದರೆ ಏನೂ ಸಿಗದು.

ಎರಡನೆಯ ಸಲ ನಾನು ನಿಧಾನವಾಗಿ ಹೋದೆ. ಇಡೀ ಫೋಲ್ಡರ್‌ನ ನಕಲು ತೆಗೆದಿಟ್ಟೆ. ಗ್ರೆಪ್‌ನಿಂದ ‘ಕೋಲಾರ’ ಇರುವ ಪ್ರತಿ ಸಾಲನ್ನೂ ಸಾಲಿನ ಸಂಖ್ಯೆಯೊಡನೆ ತೆಗೆದು ಓದಿದೆ. ಬರಿಯ ‘ಕೋಲಾರ’ದ ಬದಲು ‘ಕೋಲಾರ ಜಿಲ್ಲೆ’ ಎಂದು ಹುಡುಕಿದಾಗ ಕೋಲಾರಮ್ಮನೂ ಚಿನ್ನದ ಗಣಿಯೂ ಹೊರಗುಳಿದವು. ಸೆಡ್‌ನ ಒಂದು ಸೌಲಭ್ಯವನ್ನು ಆಗಲೇ ಅರಿತದ್ದು: ಎಸ್‌ಗೆ ಮುಂಚೆ ಎರಡು ಓರೆಗೆರೆಗಳ ನಡುವೆ ‘ಶಿಡ್ಲಘಟ್ಟ’ ಎಂದು ಬರೆದರೆ, ಶಿಡ್ಲಘಟ್ಟ ಎಂಬ ಪದ ಇರುವ ಸಾಲುಗಳನ್ನು ಮಾತ್ರ ಅದು ಮುಟ್ಟುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಾಲುಗಳು ಕೋಲಾರ ಜಿಲ್ಲೆಯಲ್ಲೇ ಉಳಿಯುತ್ತವೆ. ಮೊದಲು ಐ ಇಲ್ಲದೆ ಓಡಿಸಿ ಪರದೆಯಲ್ಲಿ ನೋಡಿದೆ. ಆಮೇಲೆ ಐ ಮತ್ತು ಅದರ ಬಾಲ. ಕೊನೆಗೆ ಡಿಫ್ ಎಂಬ ಆಜ್ಞೆಯಿಂದ ಹಳೆಯ ಪ್ರತಿ, ಹೊಸ ಪ್ರತಿಗಳ ವ್ಯತ್ಯಾಸವನ್ನು ತೆಗೆದು ಮೇಷ್ಟ್ರ ಮನೆಗೆ ಒಯ್ದೆ.

ಅವರು ಬೆರಳಿಟ್ಟು ಓದುತ್ತಾ ಹೋಗಿ ಒಂದು ಸಾಲಿನಲ್ಲಿ ನಿಂತರು: ‘2007ರವರೆಗೆ ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿತ್ತು.’ ಶಿಡ್ಲಘಟ್ಟ ಇದೆ, ಕೋಲಾರ ಜಿಲ್ಲೆ ಇತ್ತು, ಸೆಡ್ ಹೇಳಿದಂತೆಯೇ ಮಾಡಿತ್ತು. ‘ಇತ್ತು’ ಎಂಬ ಪದ ಇರುವ ಸಾಲುಗಳನ್ನು ಬಿಟ್ಟುಬಿಡು ಎಂದು ಆಜ್ಞೆ ಕೊಡಬಹುದಿತ್ತಲ್ಲ ಎಂದು ಹೊಳೆಯಿತು. ಆದರೆ ‘ಜಿಲ್ಲೆಯಲ್ಲಿತ್ತು’ವಿನೊಳಗೆ ‘ಇತ್ತು’ ಎಂಬ ಚಿಹ್ನೆಗಳ ಸಾಲೇ ಇಲ್ಲ, ಸಂಧಿಯಲ್ಲಿ ಇಕಾರ ಗುಡಿಸಾಗಿ ಹೋಗಿದೆ. ಬದಲಾದ ಸಾಲುಗಳಲ್ಲಿ ‘2007’ ಇರುವವನ್ನು ಮಾತ್ರ ಗ್ರೆಪ್‌ನಿಂದ ಬೇರ್ಪಡಿಸಿದೆ. ಒಂದು ಪರದೆಯಷ್ಟೂ ಇರಲಿಲ್ಲ. ಮೇಷ್ಟ್ರು ಒಂದೊಂದನ್ನೇ ಓದಿ ಹೇಳಿದರು, ನಾನು ಕೈಯಿಂದ ತಿದ್ದಿದೆ.