ಸಂಪ್‌ನಿಂದ ಟ್ಯಾಂಕ್‌ಗೆ: ಪಂಪ್ ಲೈನನ್ನು ಎಲ್‌ಟಿಸ್ಪೈಸ್‌ನಲ್ಲಿ ಕಟ್ಟುವುದು

ಸರ್ಕ್ಯೂಟ್‌ಗಳನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್‌ನಲ್ಲಿ ನೀರಿನ ಲೈನನ್ನು ಸರ್ಕ್ಯೂಟ್ ಮಾಡುವಾಗ ಒಂದು ವಿಷಯ ನೆನಪಿರಲಿ: ಕಿರ್ಖಾಫ್ ನಿಯಮಗಳು ನೀರಿಗೂ ಒಪ್ಪುತ್ತವೆ, ಓಮ್ ನಿಯಮ ಒಪ್ಪುವುದಿಲ್ಲ. ಹೆಚ್ಚಿನ ತಪ್ಪುಗಳು ಹುಟ್ಟುವುದೇ ಇಲ್ಲಿ.

ಮೊದಲು ಅಳತೆ. 1 ವೋಲ್ಟ್ ಎಂದರೆ 1 ಮೀಟರ್ ಹೆಡ್ (ನೀರಿನ ಕಂಬದ ಎತ್ತರದಲ್ಲಿ ಹೇಳಿದ ಒತ್ತಡ), 1 ಆಂಪಿಯರ್ ಎಂದರೆ ಸೆಕೆಂಡಿಗೆ 1 ಲೀಟರ್ ಎಂದು ಇಟ್ಟುಕೊಳ್ಳಿ. ಪಾಸ್ಕಲ್, ಘನ ಮೀಟರ್ ಬಳಸಿದರೂ ಲೆಕ್ಕ ಸರಿಯೇ. ಆದರೆ ಗ್ರಾಫ್ ಓದುವಾಗ ತಲೆ ಕೆಡುತ್ತದೆ.

ಉದಾಹರಣೆಗೆ ಒಂದು ಮನೆ. ಸಂಪ್‌ನ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ 12 ಮೀಟರ್ ಎತ್ತರ, ಪೈಪಿನ ಉದ್ದ 30 ಮೀಟರ್, ಒಳವ್ಯಾಸ 25 ಮಿ.ಮೀ. ಸೆಕೆಂಡಿಗೆ 1 ಲೀಟರ್ ಹರಿದರೆ ವೇಗ 2.04 ಮೀ/ಸೆ. ಘರ್ಷಣೆ ಗುಣಾಂಕ 0.025 ಹಿಡಿದು ಡಾರ್ಸಿ-ವೈಸ್‌ಬಾಕ್ ಸೂತ್ರ ಹಾಕಿದರೆ ನಷ್ಟ 6.35 ಮೀಟರ್. ಹಾಗೆಂದು 6.35 ಓಮ್ ರೆಸಿಸ್ಟರ್ ಹಾಕಬೇಡಿ. ನಷ್ಟ ಹರಿವಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಹರಿವು ಅರ್ಧವಾದರೆ ನಷ್ಟ ಕಾಲು ಭಾಗ. ಬಿಹೇವಿಯರಲ್ ವೋಲ್ಟೇಜ್ ಸೋರ್ಸ್ (ವೋಲ್ಟೇಜನ್ನು ಸೂತ್ರವಾಗಿ ಬರೆಯಬಹುದಾದ ಸೋರ್ಸ್) ತೆಗೆದುಕೊಂಡು 6.35 × ಹರಿವು × |ಹರಿವು| ಎಂದು ಬರೆಯಿರಿ. ಬರೀ ವರ್ಗ ಬರೆದರೆ ನೀರು ಹಿಮ್ಮುಖ ಹರಿದಾಗ ಘರ್ಷಣೆಯೇ ಅದನ್ನು ತಳ್ಳತೊಡಗುತ್ತದೆ.

ಪಂಪಿಗೂ ಅದೇ ಬಗೆಯ ಸೋರ್ಸ್: 25 × ವೇಗ² − 6 × ಹರಿವು × |ಹರಿವು|. ಇಲ್ಲಿ ವೇಗ ಅಂದರೆ ನೀರಿನದಲ್ಲ, ಪಂಪ್ ತಿರುಗುವ ವೇಗ: 0ಯಿಂದ 1ಕ್ಕೆ ಅರ್ಧ ಸೆಕೆಂಡಿನಲ್ಲಿ ಏರುವ ಇನ್ನೊಂದು ಸೋರ್ಸ್. 25 ಮತ್ತು 6 ಈ ಉದಾಹರಣೆಯವು. ನಿಮ್ಮ ಪಂಪಿನ ಕರ್ವ್ (ಯಾವ ಹರಿವಿಗೆ ಎಷ್ಟು ಹೆಡ್ ಎಂಬ ಗ್ರಾಫ್) ಮೇಲಿನ ಎರಡು ಬಿಂದುಗಳಿಂದ ತೆಗೆಯಿರಿ. ಘಾತಕ್ಕೆ ** ಬಳಸಿ, ಈ ಸೋರ್ಸ್‌ಗಳಲ್ಲಿ ^ ಅಂದರೆ ಘಾತವಲ್ಲ, ತರ್ಕದ ಎಕ್ಸ್‌ಆರ್. ಎರರ್ ಬರುವುದಿಲ್ಲ, ಉತ್ತರ ಮಾತ್ರ ಕೆಡುತ್ತದೆ.

ನೀರಿನ ಜಡತ್ವಕ್ಕೆ ಇಂಡಕ್ಟರ್. ಉದ್ದವನ್ನು ಗುರುತ್ವ ಮತ್ತು ಅಡ್ಡಕೊಯ್ತದ ಗುಣಲಬ್ಧದಿಂದ ಭಾಗಿಸಿ, ನಮ್ಮ ಅಳತೆಗೆ 1000ದಿಂದ ಭಾಗಿಸಿದರೆ 6.23 ಹೆನ್ರಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಅಂದರೆ ಎನ್‌ಆರ್‌ವಿಗೆ, ಡಯೋಡ್. ಡಿಫಾಲ್ಟ್ ಡಯೋಡ್ ಸುಮ್ಮನೆ ಸುಮಾರು 0.8 ಮೀಟರ್ ಹೆಡ್ ನುಂಗುತ್ತದೆ, ಆದ್ದರಿಂದ ಆನ್ ರೆಸಿಸ್ಟೆನ್ಸ್ 0.1, ಫಾರ್ವರ್ಡ್ ವೋಲ್ಟೇಜ್ 0.2 ಇರುವ ಮಾಡೆಲ್ ಬರೆದುಕೊಳ್ಳಿ.

1 ಚ.ಮೀ. ತಳದ ಟ್ಯಾಂಕ್ 1000 ಫ್ಯಾರಡ್ ಕೆಪಾಸಿಟರ್. ಬರೀ 1000 ಎಂದು ಬರೆಯಿರಿ. ಹಿಂದೆ ಎಫ್ ಸೇರಿಸಿದರೆ ಸ್ಪೈಸ್ ಅದನ್ನು ಫೆಮ್ಟೊ ಎಂದು ಓದುತ್ತದೆ, ಟ್ಯಾಂಕ್ ಕಣ್ಣು ಮಿಟುಕಿಸುವುದರೊಳಗೆ ತುಂಬಿಬಿಡುತ್ತದೆ! ನಮ್ಮ ಮನೆಗಳಲ್ಲಿ ಪೈಪ್ ಸಾಮಾನ್ಯವಾಗಿ ಟ್ಯಾಂಕಿನ ಮೇಲಿನಿಂದ ಇಳಿಯುವುದರಿಂದ ಒಳಗಿನ ಮಟ್ಟ ಏರಿದರೂ ಪಂಪಿಗೆ ಅದರ ಅರಿವಿರುವುದಿಲ್ಲ. ಹಾಗಾಗಿ ಲೈನನ್ನು 12 ವೋಲ್ಟ್ ಸೋರ್ಸ್‌ಗೆ ಮುಗಿಸಿ, ಅದರ ಕರೆಂಟನ್ನು ನಕಲು ಮಾಡುವ ಇನ್ನೊಂದು ಸೋರ್ಸ್‌ನಿಂದ ಕೆಪಾಸಿಟರ್ ತುಂಬಿಸಿ. ಮಟ್ಟ ಮೈನಸ್‌ಗೆ ಹೋದರೆ ಆ ಸೋರ್ಸ್‌ನ ದಿಕ್ಕು ತಿರುವಿ.

ರನ್ ಮಾಡುವ ಮೊದಲು ಕೈಲೆಕ್ಕ: ಹ ಅಂದರೆ ಹರಿವು, 25 − 6ಹ² = 12 + 6.35ಹ², ಹಾಗಾಗಿ ಹರಿವು ಸುಮಾರು 1.03. ಗ್ರಾಫಿನಲ್ಲಿ ಎನ್‌ಆರ್‌ವಿಯ ಪಾಲು ಕಳೆದು ಚೂರು ಕಡಿಮೆ ಬರಬೇಕು, ಸಾವಿರ ಲೀಟರಿಗೆ 16–17 ನಿಮಿಷ. ಪಂಪ್ ಸುಮಾರು ಶೇ. 70 ವೇಗ ಮುಟ್ಟುವವರೆಗೆ ನೀರು ಕದಲುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಹೆಡ್ 12 ದಾಟಿರುವುದಿಲ್ಲ.

ಟ್ಯಾಂಕಿನ ಬಳಿಯ ವಾಲ್ವ್ ತಟ್ಟನೆ ಮುಚ್ಚಿದರೆ? ಸ್ವಿಚ್ ಹಾಕಿ ನೋಡಿದರೆ ಇಂಡಕ್ಟರ್ ಸಾವಿರಾರು ವೋಲ್ಟ್ ತೋರಿಸುತ್ತದೆ. ಅದು ಸುಳ್ಳು, ನಿಜ ಪೈಪಿನಲ್ಲಿ ನೀರು ಕುಗ್ಗುತ್ತದೆ, ಪಿವಿಸಿ ಹಿಗ್ಗುತ್ತದೆ. ಇಂಡಕ್ಟರ್ ತೆಗೆದು ಆ ಜಾಗಕ್ಕೆ, ಅಲೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯುವ ಟ್ರಾನ್ಸ್‌ಮಿಷನ್ ಲೈನ್ ಹಾಕಿ. ಅಲೆಯ ವೇಗ 400 ಮೀ/ಸೆ ಎಂದುಕೊಂಡರೆ ವಿಳಂಬ 75 ಮಿಲಿಸೆಕೆಂಡ್, ಇಂಪೀಡೆನ್ಸ್ 83 ಓಮ್. ಎರಡನ್ನೂ ಗುಣಿಸಿದರೆ ಮತ್ತೆ 6.23 ಬರುತ್ತದೆ, ಅದೇ ತಾಳೆ. ಹೆಡ್ 83 × 1.03, ಅಂದರೆ ಸುಮಾರು 85 ಮೀಟರ್ ಏರುತ್ತದೆ. ರಷ್ಯಾದ ವಿಜ್ಞಾನಿ ಜುಕೋವ್‌ಸ್ಕಿ 1898ರಲ್ಲಿ ಕೊಟ್ಟ ಸೂತ್ರವೂ ಇದನ್ನೇ ಹೇಳುತ್ತದೆ. ಮುಚ್ಚಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಏರಿಕೆ ತಗ್ಗುತ್ತದೆ.

ಎನ್‌ಆರ್‌ವಿ ಇದ್ದರೆ ಏರಿದ ಒತ್ತಡ ಪೈಪಿನೊಳಗೇ ಸಿಕ್ಕಿಕೊಳ್ಳುತ್ತದೆ. ಘರ್ಷಣೆಯ ಸೋರ್ಸನ್ನು ಪಂಪಿನ ಕಡೆ ಇಟ್ಟು, ಡಯೋಡ್ ತೆಗೆದು ನೋಡಿ: ಅಲೆ ಮರಳಿ ಬಂದಾಗ ವಾಲ್ವ್ ಬಳಿ ಹೆಡ್ ಸುಮಾರು −30ಕ್ಕೆ ಇಳಿಯುತ್ತದೆ. ಇದನ್ನು ನಂಬಬೇಡಿ. ಬೆಂಗಳೂರಿನ ಎತ್ತರದಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 9 ಮೀಟರ್ ಕಡಿಮೆಯಾದಾಗಲೇ, ಅಂದರೆ 12 ಮೀಟರ್ ಎತ್ತರದ ಈ ವಾಲ್ವ್ ಬಳಿ ಗ್ರಾಫ್ 3ರ ಹತ್ತಿರ ಬಂದಾಗಲೇ, ನೀರು ಆವಿಯಾಗಿ ಕಂಬ ತುಂಡಾಗುತ್ತದೆ. ಈ ಸರ್ಕ್ಯೂಟ್‌ನಲ್ಲಿ ಆವಿಯ ಲೆಕ್ಕವೇ ಇಲ್ಲ.