ಪುನರ್ವಸತಿ: ಕಾಡುಜೀವಿಯ ಪಾಲಿಗೆ ಈ ಪದದ ಅರ್ಥ

ಪುನರ್ವಸತಿ ಎಂದೊಡನೆ ನಮಗೆ ಅಣೆಕಟ್ಟಿನ ಹಿನ್ನೀರು, ಮುಳುಗಿದ ಊರು, ಆಲಮಟ್ಟಿಯ ಸಂತ್ರಸ್ತರು ನೆನಪಾಗುತ್ತಾರೆ. ಅಲ್ಲಿ ಹಳೆಯ ನೆಲ ಹೋಗಿರುತ್ತದೆ, ಬೇರೆಡೆ ಹೊಸದನ್ನು ಕೊಡಬೇಕಾಗುತ್ತದೆ. ವನ್ಯಜೀವಿಯ ವಿಷಯದಲ್ಲಿ ಇದೇ ಪದ ಹೆಚ್ಚುಕಡಿಮೆ ತಿರುಗುಮುರುಗಾಗುತ್ತದೆ. ಗಾಯಗೊಂಡ ಪ್ರಾಣಿಗೆ ಹೊಸ ಮನೆ ಕೊಡುವುದಲ್ಲ, ಬಿಟ್ಟು ಬಂದ ಮನೆಗೇ ಅದನ್ನು ಮರಳಿಸುವುದು ಇಲ್ಲಿನ ಪುನರ್ವಸತಿ. ಹಾಗಾಗಿ ಇದು ಸಾಕಣೆಯೂ ಅಲ್ಲ, ಮೃಗಾಲಯವೂ ಅಲ್ಲ.

ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದನ್ನೇ ನೋಡಿ. ಹೊಲಿಗೆ ಹಾಕಿ ಗಾಯ ಮಾಯಿಸುವುದು ಚಿಕಿತ್ಸೆ ಅಷ್ಟೇ. ಪುನರ್ವಸತಿಯ ಕೆಲಸ ಶುರುವಾಗುವುದು ಅದರ ನಂತರ. ತುಂಡಾದ ಗರಿ ಉದುರಿ ಹೊಸದು ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು, ಉದ್ದನೆಯ ಪಂಜರದಲ್ಲಿ ಹಾರಿಸಿ ರೆಕ್ಕೆಗೆ ಕಸುವು ತುಂಬಬೇಕು. ಮರಿಗಳ ವಿಷಯದಲ್ಲಿ ಇನ್ನೂ ಕಠಿಣವಾದ ನಿಯಮವಿದೆ: ಮುದ್ದು ಮಾಡಬಾರದು, ಮಾತನಾಡಿಸಬಾರದು. ಮನುಷ್ಯನನ್ನು ಕಂಡು ಹೆದರದ ಮರಿ ಹೊರಗೆ ಹೋದರೆ ಬದುಕುವುದು ಕಷ್ಟ. ಪ್ರೀತಿಸುವ ಜೀವವನ್ನು ಮುಟ್ಟದೆ ನೋಡಿಕೊಳ್ಳುವ ಈ ಕೆಲಸಗಾರರ ಬಗ್ಗೆ ನನಗೆ ಅಪಾರ ಗೌರವವಿದೆ.

ಎಲ್ಲ ಜೀವಿಗಳೂ ಮರಳಲಾರವು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಹೆಸರಾದ ರಾಜು 2009ರಲ್ಲಿ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರಕ್ಕೆ ಬಂದಿತು. ಮೂಗು ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು ಆಡಿಸಿದ ಇಂಥ ಕರಡಿಗಳು ಕಾಡಿನಲ್ಲಿ ಉಳಿಯಲಾರವು. ಅವುಗಳಿಗೆ ಸಿಗುವುದು ಜೀವಮಾನದ ಆಶ್ರಯ. ಅದೇ ಹೊತ್ತಿನಲ್ಲಿ ಕರಡಿ ಆಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕಲಿಸುವ, ಮಕ್ಕಳನ್ನು ಶಾಲೆಗೆ ಸೇರಿಸುವ ಕೆಲಸವೂ ನಡೆಯಿತು. ಅದಕ್ಕೂ ಪುನರ್ವಸತಿ ಎಂದೇ ಹೆಸರು.

ಗಾಯಗೊಂಡ ಕಾಡುಜೀವಿಗಳನ್ನು ನೋಡಿಕೊಳ್ಳುವ ಪುನರ್ವಸತಿ ಕೇಂದ್ರ ಬೆಳೆಯಬೇಕು ಎಂದಾಗ ಪಂಜರಗಳ ಸಂಖ್ಯೆಯನ್ನು ಎಣಿಸಬಾರದು. ಒಂದು ಹದ್ದು ತಿಂಗಳುಗಳ ಕಾಲ ಜಾಗ ಹಿಡಿಯುತ್ತದೆ, ದಿನವೂ ಮಾಂಸ ಬೇಕು. ದೇಣಿಗೆ ಹೋಗುವುದು ಇಂಥ ಕಣ್ಣಿಗೆ ಕಾಣದ ಖರ್ಚಿಗೆ: ಆಹಾರ, ಔಷಧ, ಪಶುವೈದ್ಯರು, ಹಾರಾಟದ ಜಾಗ, ಜನರಿಗೆ ತಿಳಿವಳಿಕೆ ನೀಡುವ ತರಗತಿ. ಈ ಕೊನೆಯದನ್ನು ಯಾರೂ ಸಣ್ಣದೆಂದು ಬಗೆಯಬಾರದು. ಮರದಿಂದ ಬಿದ್ದ ಅಳಿಲು ಮರಿಯನ್ನು ಮನೆಗೆ ತಂದು ಇಂಕ್ ಫಿಲ್ಲರಿನಲ್ಲಿ ಹಸುವಿನ ಹಾಲು ಕುಡಿಸುವವರು ಕರುಣೆಯಿಂದಲೇ ಹಾಗೆ ಮಾಡುತ್ತಾರೆ. ಆ ಹಾಲು ಮರಿಗೆ ಒಗ್ಗದೆ ಭೇದಿಯಾಗುತ್ತದೆ, ಕೆಲವೊಮ್ಮೆ ಶ್ವಾಸಕೋಶಕ್ಕೇ ಇಳಿಯುತ್ತದೆ. ಗಾಯವಿಲ್ಲದ ಮರಿಯನ್ನು ಬೆಚ್ಚಗಿನ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು, ಅದೇ ಮರದ ಬುಡದಲ್ಲಿರಿಸಿ, ಬೆಕ್ಕು ಕಾಗೆ ಬಾರದಂತೆ ದೂರದಿಂದ ಕಾಯಿರಿ. ಬಹಳ ಸಲ ತಾಯಿಯೇ ಇಳಿದು ಬಂದು ಕಚ್ಚಿಕೊಂಡು ಹೋಗುತ್ತದೆ. ಬಾರದಿದ್ದರೆ ಏನನ್ನೂ ಕುಡಿಸದೆ ಅರಣ್ಯ ಇಲಾಖೆಗೋ ಹತ್ತಿರದ ಕೇಂದ್ರಕ್ಕೋ ತಿಳಿಸಿ.